ಕನ್ನಡಿ ಮುಂದಿನ ಗಾದಿ

ಸುಳ್ಳು ಬಾಯಿಂದ ಹೊರಬಿದ್ದಾಗ ಮುತ್ತಣ್ಣ ರೊಟ್ಟಿ ಮುರಿಯುತ್ತಿದ್ದ. ಮುರಿದ ತುಂಡು ಕೈಯಲ್ಲೇ ಉಳಿಯಿತು. ಸೋಮವಾರ ಮಧ್ಯಾಹ್ನದ ಊಟ. ಎದುರಿಗೆ ಅಣ್ಣ ಹುಚ್ಚೀರಪ್ಪ, ಬಡಿಸಲು ಅಣ್ಣನ ಹೆಂಡತಿ, ವೈನಿ ಕಾಂಚನಾ, ತಟ್ಟೆಯಲ್ಲಿ ಎಣ್ಣೆಗಾಯಿ ಬದನೆ. ಶನಿವಾರ ಬೆಂಗಳೂರಿಗೆ ಹೋಗಬೇಕು ಎಂದಷ್ಟೇ ಹೇಳಿದ್ದರೆ ಅಣ್ಣ ಯಾಕೆ ಎಂದು ಕೇಳುತ್ತಿದ್ದ. ತುಳಸಿ ಲಗ್ನ ಮುಗಿದು ಮದುವೆ ಜವಳಿಯ ಸುಗ್ಗಿ ಶುರುವಾಗಿರುವಾಗ ಮನೆಯ ಸೀರೆ ಅಂಗಡಿ ಬಿಟ್ಟು ಹೋಗಲು ಯಾವ ಕಾರಣವೂ ಸಾಲದು. ಆ ತಿಂಗಳಲ್ಲಿ ಯಾರಾದರೂ ಸತ್ತರೆ ಮಣ್ಣಿಗೆ ಸಹ ಅಣ್ಣ ಮನೆಯವರನ್ನು ಸರದಿಯ ಮೇಲೆ ಕಳಿಸುವವನು. ಹಾಗಾಗಿ ಮುತ್ತಣ್ಣ ನಾಲ್ಕು ದಿನದಿಂದ ಹೊಂದಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಒಳಗೇ ಉಳಿದು, ಅವನು ಹೊಂದಿಸಿಯೇ ಇರದಿದ್ದ ಮಾತೊಂದು ಹೊರಗೆ ಬಂತು. "ಅಲ್ಲೊಂದು ಕನ್ಯಾ ಐತಂತ. ನೋಡಿ ಬರ್ತೀನಿ" ಎಂದುಬಿಟ್ಟ. ವೈನಿಯ ಕೈಯ ಸೌಟು ನಿಂತಿತು. ಅಣ್ಣ ನಕ್ಕ. ನಲವತ್ತೊಂದು ವರ್ಷದ ತಮ್ಮನನ್ನು ನೋಡಿ ಅಣ್ಣ ಹಾಗೆ ನಕ್ಕು ಎಷ್ಟೋ ವರ್ಷವಾಗಿತ್ತು. ಆ ನಗು ಎಷ್ಟು ಚೆಂದವಿತ್ತೆಂದರೆ, ಬೆಂಗಳೂರಿನ ಯಾವುದೋ ಮಹಡಿಯ ಮೇಲೆ, ಚಹಾದ ತಟ್ಟೆ ಹಿಡಿದು, ಒಳಬಾಗಿಲ ಪರದೆಯ ಹಿಂದೆ ನಿಂತ ಹುಡುಗಿಯೊಬ್ಬಳನ್ನು ಒಂದು ಗಳಿಗೆ ಮುತ್ತಣ್ಣನೂ ಕಂಡ. ಇಲ್ಲದ ಆ ಹುಡುಗಿಯ ಮೇಲೆ ಅವನಿಗೆ ಮರುಕ ಹುಟ್ಟಿತು. ಊಟ ಮುಗಿಯುವಷ್ಟರಲ್ಲಿ ವೈನಿ ಶಿರಹಟ್ಟಿಯ ಅತ್ತೆಗೆ ಫೋನ್ ಹಚ್ಚಿದ್ದಳು.

ನಿಜ ಇದ್ದದ್ದು ಬೇರೆ. ವರ್ಷಕ್ಕೊಮ್ಮೆ ಈ ದಿನಗಳಲ್ಲಿ ಬೆಂಗಳೂರಿನಲ್ಲಿ ಒಂದು ಭಾನುವಾರ ಪ್ರೈಡ್ ಮೆರವಣಿಗೆ ಆಗುತ್ತದೆ. ಗಂಡಸರ ಮೇಲೆ ಮನಸ್ಸಿಟ್ಟ ಗಂಡಸರು, ಹೆಂಗಸರ ಮೇಲೆ ಮನಸ್ಸಿಟ್ಟ ಹೆಂಗಸರು, ಗಂಡಾಗಿ ಹುಟ್ಟಿ ಹೆಣ್ಣಾದವರು, ಅವರ ಗೆಳೆಯರು, ಕೆಲವರ ತಾಯಂದಿರು ಸಹ, ಪಟ್ಟಿಪಟ್ಟಿ ಬಣ್ಣದ ಬಾವುಟ ಹಿಡಿದು, ಡೊಳ್ಳು ಬಡಿಸಿಕೊಂಡು ಹಾಡಹಗಲೇ ದೊಡ್ಡ ರಸ್ತೆಯಲ್ಲಿ ನಡೆಯುತ್ತಾರೆ. ಇದನ್ನೆಲ್ಲ ಮುತ್ತಣ್ಣನಿಗೆ ಹೇಳಿದವನು ತೌಹೀದ. ಅಂಗಡಿಯ ಗಿರಾಕಿಗಳ ಕುಪ್ಪಸ ಹೊಲಿದುಕೊಡುವ ಲಕ್ಷ್ಮೇಶ್ವರದ ಟೇಲರ್. ತನ್ನ ಮನಸ್ಸು ಎತ್ತ ಇದೆಯೆಂದು ಮೂರು ವರ್ಷದ ಕೆಳಗೆ ಮುತ್ತಣ್ಣ ಬಾಯಿಬಿಟ್ಟು ಹೇಳಿದ್ದ ಒಬ್ಬನೇ ಮನುಷ್ಯ. ತೌಹೀದ ಎರಡು ಸಲ ಆ ಮೆರವಣಿಗೆಗೆ ಹೋಗಿ ಬಂದಿದ್ದ. ಈ ಸಲ ಕೇಳದೆಯೇ ಶನಿವಾರದ ರೈಲಿಗೆ ಎರಡು ಟಿಕೆಟ್ ತೆಗೆಸಿ, ನೀವು ಬರದಿದ್ದರೆ ನಿಮ್ಮ ಸೀಟಿನ ಮೇಲೆ ಚೀಲ ಇಟ್ಟುಕೊಂಡು ಹೋಗುತ್ತೇನೆ ಎಂದು ಹೇಳಿಕಳಿಸಿದ್ದ. ಅದರ ಜೊತೆಗೆ ಕಳೆದ ವರ್ಷದ ಫೋಟೋ ಒಂದನ್ನು ಕಳಿಸಿದ. ಅದರಲ್ಲಿ ತೌಹೀದ ನಗುತ್ತಿದ್ದ, ಹಿಂದೆ ನೂರಾರು ಮಂದಿ. ಮೂರನೆಯ ಸಾಲಿನಲ್ಲಿ ಬಿಳಿ ಅಂಗಿ ತೊಟ್ಟು, ಉದ್ದನೆಯ ಬಟ್ಟೆಯೊಂದರ ತುದಿ ಹಿಡಿದು, ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದವನು, ಒಂದು ಕಾಲಕ್ಕೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಹೊಂಬಳದ ವೀರು. ಗಡ್ಡದಲ್ಲಿ ಅಲ್ಲಲ್ಲಿ ಬೆಳ್ಳಿ. ಆದರೆ ಬಟ್ಟೆ ಹಿಡಿದ ರೀತಿ ಅದೇ, ಹೆಬ್ಬೆರಳನ್ನು ಅಂಚಿನ ಕೆಳಗೆ ಸೇರಿಸಿ. ಮೂರನೆಯ ಸಾಲಿನವನು ಈ ಸಲವೂ ಬರುತ್ತಾನೇನು ಎಂದು ಮುತ್ತಣ್ಣ ಬರೆದು ಕೇಳಿದ್ದಕ್ಕೆ, ಪ್ರತಿ ವರ್ಷ ಅಂವ ಇರತಾನ, ಚಹಾ ಹಂಚೋದು ಅಂವಂದ ಕೆಲಸ, ಎಂದಿದ್ದ ತೌಹೀದ.

ಇವತ್ತು ಗುರುವಾರ. ಗದಗಿನ ಟಾಂಗಾಕೂಟದಿಂದ ಒಳಗೆ ತಿರುಗಿದ ಓಣಿಯ ಅಂಗಡಿಯಲ್ಲಿ ಉದ್ದಕ್ಕೆ ಬಿಳಿ ಗಾದಿ ಹಾಸಿದೆ. ಗೋಡೆಗೆ ಸೀರೆಯ ಕಪಾಟುಗಳು, ಕೊನೆಯಲ್ಲಿ ಆಳೆತ್ತರದ ಕನ್ನಡಿ. ಕನ್ನಡಿ ಮುಂದಿನ ಗಾದಿ ಮುತ್ತಣ್ಣನದು. ಬೆಳಿಗ್ಗೆಯೇ ಹಿರೇವಡ್ಡಟ್ಟಿಯಿಂದ ಮದುವೆ ಜವಳಿಗೆಂದು ಬಂದ ಏಳು ಮಂದಿ ಹೆಂಗಸರು ಎದುರಿಗೆ ಕುಳಿತಿದ್ದಾರೆ, ಅವರ ಗಂಡಸರು ಹೊರಗೆ ಕಟ್ಟೆಯ ಮೇಲೆ. ಸೀರೆ ಕೊಳ್ಳುವವರು ಹೆಂಗಸರು; ಆದರೆ ಅದು ಮೈಮೇಲೆ ಹೇಗೆ ಬೀಳುತ್ತದೆಂದು ಉಟ್ಟು ತೋರಿಸುವವರು ಅಂಗಡಿಯ ಗಂಡಸರು. ಪ್ಯಾಂಟು ಅಂಗಿಯ ಮೇಲೆಯೇ ನಿರಿಗೆ ಹಿಡಿದು ಸೊಂಟಕ್ಕೆ ಸಿಕ್ಕಿಸಿ, ಸೆರಗನ್ನು ಎಡಭುಜದ ಮೇಲೆ ಇಳಿಬಿಟ್ಟು, ಅರೆ ತಿರುಗಿ ನಿಲ್ಲಬೇಕು. ಯಾರೂ ನಗುವುದಿಲ್ಲ. ಹೆಂಗಸರು ಸೀರೆಯನ್ನು ನೋಡುತ್ತಾರೆ. ಮದುವಣಗಿತ್ತಿ ಅದರೊಳಗೆ ತನ್ನನ್ನು ನೋಡಿಕೊಳ್ಳುತ್ತಾಳೆ. ದಿನಕ್ಕೆ ನಲವತ್ತು ಸಲ ಎಲ್ಲರ ಕಣ್ಣೆದುರು ನಿಲ್ಲುವ ಮುತ್ತಣ್ಣ ಒಂದು ಸಲವೂ ಯಾರ ಕಣ್ಣಿಗೂ ಬೀಳುವುದಿಲ್ಲ. ಇದರಿಂದ ಅವನಿಗೆ ಒಂದು ಬಗೆಯ ನೆಮ್ಮದಿಯೂ ಇತ್ತು. ಕುಂಕುಮ ಬಣ್ಣದ್ದು ಉಟ್ಟ, ಬಿಚ್ಚಿದ; ನವಿಲು ಬಣ್ಣದ್ದು ಉಟ್ಟ. ಮೇಲಿನ ಗಾಜಿನ ಹಂಚಿನಿಂದ ಬಿಸಿಲು ಇಳಿದು ಬಿಚ್ಚಿ ಹಾಕಿದ ಸೀರೆಗಳ ಮೇಲೆ ಬಿದ್ದಿತ್ತು, ಆ ಬಿಸಿಲಿನಲ್ಲಿ ನೂಲಿನ ಸಣ್ಣ ಎಳೆಗಳು ಕೆಳಗೆ ಬೀಳುವ ಮನಸ್ಸಿಲ್ಲದೆ ತೇಲುತ್ತಿದ್ದವು. ಕನ್ನಡಿಯಲ್ಲಿ ಇಡೀ ಅಂಗಡಿ ಇನ್ನೊಂದು ಊರಿನಂತೆ ಕಾಣುತ್ತಿತ್ತು. ಆ ಊರಿನಲ್ಲಿ, ತನ್ನ ಬೆನ್ನ ಹಿಂದೆ ಮಂಡಿಯೂರಿ ಕುಳಿತು, ಬಿಚ್ಚಿದ ಸೀರೆಗಳನ್ನು ಅಂಚಿಗೆ ಅಂಚು ಕೂಡಿಸಿ ಮಡಚುತ್ತಾ ವೀರು ಇದ್ದ. ತಿರುಗಿ ನೋಡಿದರೆ ಇರುವುದಿಲ್ಲವೆಂದು ಗೊತ್ತಿದ್ದುದರಿಂದ ಮುತ್ತಣ್ಣ ತಿರುಗಲಿಲ್ಲ.

ಈ ಗಾದಿ ಮೊದಲು ವೀರುವಿನದೇ. ಉಟ್ಟು ತೋರಿಸುವುದರಲ್ಲಿ ಅವನ ಸಮ ಈ ಬಜಾರಿನಲ್ಲಿ ಯಾರೂ ಇರಲಿಲ್ಲ. ಉಳಿದವರು ಸೀರೆಯನ್ನು ಮೈಗೆ ಸುತ್ತಿಕೊಳ್ಳುತ್ತಿದ್ದರು. ಅವನು ಮೊದಲು ಸೀರೆಯನ್ನು ಮುಟ್ಟಿ ಮಾತಾಡಿಸುತ್ತಿದ್ದ. ಬೆಟಗೇರಿಯ ಯಾವ ಮಗ್ಗದವನ ಕೈ ಇದು, ಹೊಕ್ಕಿನ ನೂಲು ಎಲ್ಲಿ ಬಿಗಿಯಾಗಿದೆ, ನೇಯುವಾಗ ಮನೆಯಲ್ಲಿ ಜಗಳವಾಗಿತ್ತೋ ಇಲ್ಲವೋ ಎಂದು ಸಹ ಹೇಳುತ್ತಿದ್ದ, ಹೆಂಗಸರು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಮಧ್ಯಾಹ್ನ ಗಿರಾಕಿಯಿಲ್ಲದಾಗ ಅವನೂ ಮುತ್ತಣ್ಣನೂ ಒಂದೊಂದು ತುದಿ ಹಿಡಿದು ಸೀರೆ ಮಡಚುತ್ತಿದ್ದರು. ಸೀರೆ ಮಡಚುವುದೆಂದರೆ ಹತ್ತಿರ ಬರುವುದು. ಒಂಬತ್ತು ಗಜ ದೂರ ನಿಂತವರು ನಾಲ್ಕು ಮಡಿಕೆಗೆ ಎದುರುಬದುರಾಗುತ್ತಾರೆ, ಕೊನೆಯಲ್ಲಿ ಒಬ್ಬನ ಕೈಯ ತುದಿ ಇನ್ನೊಬ್ಬನ ಕೈಗೆ ಹೋಗಬೇಕು. ಅಲ್ಲಿ ಅವರ ಬೆರಳುಗಳು ಕೂಡುತ್ತಿದ್ದವು, ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು. ವೀರು ಇದ್ದ ಎರಡು ವರ್ಷದಲ್ಲಿ ನಡೆದದ್ದು ಅಷ್ಟೇ. ಅಷ್ಟಕ್ಕೇ ಮುತ್ತಣ್ಣ ಬೇಕೆಂದೇ ಸೀರೆಗಳನ್ನು ಬಿಚ್ಚಿ ಹಾಕುತ್ತಿದ್ದ. ಅವನು ವೀರುವನ್ನು ಪ್ರೀತಿಸುತ್ತಿದ್ದ. ಆ ಮಾತನ್ನು ಆಗ ಅವನು ತನಗೂ ಹೇಳಿಕೊಂಡಿರಲಿಲ್ಲ. ಹನ್ನೆರಡು ವರ್ಷದ ಕೆಳಗೆ, ದಸರೆಯ ಮುಂಚಿನ ಒಂದು ಸಂಜೆ, ಅಣ್ಣ ದುಡ್ಡಿನ ಗಲ್ಲೆಯ ಹತ್ತಿರ ವೀರುವನ್ನು ನಿಲ್ಲಿಸಿಕೊಂಡಿದ್ದ. ಯಾರೋ ಹೆಣ್ಣುಮಗಳು ದೂರು ಹೇಳಿದ್ದಾಳೆ, ಇವನ ಕೈ ಸುಮ್ಮನಿರುವುದಿಲ್ಲ, ಇವನ ರೀತಿಯೇ ಸರಿಯಿಲ್ಲ ಎಂದು. ಉಳಿದ ಆಳುಗಳು ಕಿಸಕ್ಕೆಂದರು. ಹೆಣ್ಣುಮಕ್ಕಳಿಗೆ ಇವನಿಂದ ಏನು ಭಯ ಎಂದು ಒಬ್ಬ ಗೊಣಗಿದ. ಅಣ್ಣ ಮುತ್ತಣ್ಣನ ಕಡೆ ತಿರುಗಿ, "ನಿನ್ನ ಕೈಯಾಗ ಕೆಲಸ ಮಾಡಾಂವ. ನಿನಗ ಬೇಕೇನು ಇಂವ?" ಎಂದು ಕೇಳಿದ. ವೀರು ಅವನನ್ನೇ ನೋಡುತ್ತಿದ್ದ. ಬೇಕು ಎಂಬ ಎರಡಕ್ಷರವನ್ನು ತಾನು ಹೇಗೆ ಹೇಳಿದರೂ ಅದರೊಳಗಿನದು ಎಲ್ಲರಿಗೂ ಕೇಳಿಸಿಬಿಡುತ್ತದೆ ಎಂದು ಮುತ್ತಣ್ಣ ಬೆವತ. "ನನಗ್ಯಾಕ ಬೇಕು ಇಂಥಾವ" ಎಂದ, ಎಂದವನು ನಕ್ಕ ಕೂಡ. ವೀರು ಕೈಯಲ್ಲಿದ್ದ ಸೀರೆಯನ್ನು ಸರಿಯಾಗಿ ಮಡಚಿ ಅದರ ಜಾಗದಲ್ಲಿಟ್ಟು ಮೆಟ್ಟಿಲಿಳಿದು ಹೋದ. ಮರುದಿನದಿಂದ ಕನ್ನಡಿ ಮುಂದಿನ ಗಾದಿಗೆ ಯಾರಾದರೂ ಬೇಕಾಗಿತ್ತು. ಮಾಲೀಕರ ಮನೆಯವನು ಉಟ್ಟರೆ ಅದು ವ್ಯಾಪಾರ, ಯಾರೂ ಏನೂ ಅನ್ನಲಿಲ್ಲ. ಈ ಹನ್ನೆರಡು ವರ್ಷದಲ್ಲಿ ಅಂಗಡಿಯಲ್ಲಿ ವೀರುವಿನ ಹೆಸರು ಯಾರ ಬಾಯಲ್ಲೂ ಬಂದಿಲ್ಲ.

ನವಿಲು ಬಣ್ಣದ್ದು ಆಗಲಿ ಎಂದಳು ಮದುವಣಗಿತ್ತಿಯ ತಾಯಿ. ಮುತ್ತಣ್ಣ ಬಿಚ್ಚಿ ಕೊಟ್ಟ. ಭಾನುವಾರ ಏನು ತೊಟ್ಟುಕೊಂಡು ಹೋಗಬೇಕು ಎಂಬ ಚಿಂತೆ ಒಂದು ಕಡೆ. ಏನು ಬೇಕಾದರೂ ತೊಡಬಹುದು, ಅದೇ ಅಲ್ಲಿಯ ಮಜಾ, ಎಂದು ತೌಹೀದ ಹೇಳಿದ್ದು ಅವನಿಗೆ ಇನ್ನಷ್ಟು ಗಾಬರಿ ಹುಟ್ಟಿಸಿತ್ತು. ಟೀವಿಯವರು ಬರುತ್ತಾರೋ ಎಂದು ಎರಡು ಸಲ ಕೇಳಿದ್ದ. ಬರುತ್ತಾರೆ, ಬೇಕಾದವರು ಮುಖವಾಡ ಹಾಕಿಕೊಳ್ಳುತ್ತಾರೆ ಎಂದಿದ್ದ ತೌಹೀದ. ಲಕ್ಷ್ಮೇಶ್ವರದ ಬಸ್ ನಿಲ್ದಾಣದ ಎದುರು ಚಹಾ ಕುಡಿಯುತ್ತಾ, "ಮಾರಿ ಮುಚಗೊಂಡು ನಡಿಯೂದು ಇಲ್ಲೂ ಆಗ್ತೈತಲ್ಲರಿ ಅಣ್ಣಾರ. ಅದಕ್ಕ ಅಷ್ಟು ದೂರ ಯಾಕ ಹೋಗಬೇಕು?" ಎಂದಿದ್ದ, ಕುತ್ತಿಗೆಗೆ ಹಾಕಿಕೊಂಡ ಟೇಪನ್ನು ಸರಿಮಾಡಿಕೊಳ್ಳುತ್ತಾ. ಆ ದಿನ ವಾಪಸು ಬರುವ ಬಸ್ಸಿನಲ್ಲಿ, ಮುಳಗುಂದದ ಹತ್ತಿರ, ಮುತ್ತಣ್ಣನಿಗೆ ಕಣ್ಣು ಹತ್ತಿ ಮೆರವಣಿಗೆ ಕಂಡಿತ್ತು. ಅವನು ಬೆಂಗಳೂರನ್ನು ಸರಿಯಾಗಿ ನೋಡಿದವನಲ್ಲವಾದ್ದರಿಂದ ಅದು ಗದಗಿನಲ್ಲಿಯೇ ನಡೆದಿತ್ತು. ಬೆಟಗೇರಿಯ ನೇಕಾರ ಓಣಿಗಳಿಂದ ಹೊರಟು ಭೀಷ್ಮಕೆರೆಯ ದಂಡೆ ಹಿಡಿದು ಬರುತ್ತಿದೆ, ಮುಂದೆ ಡೊಳ್ಳು, ಬಜಾರಿನ ಎಲ್ಲ ಅಂಗಡಿಗಳ ಗಂಡಸರೂ ಎಡಭುಜದ ಮೇಲೆ ಒಂದೊಂದು ಸೆರಗು ಇಳಿಬಿಟ್ಟುಕೊಂಡು, ಅರೆ ತಿರುಗಿ, ವ್ಯಾಪಾರದ ನಗು ನಗುತ್ತಾ ನಡೆಯುತ್ತಿದ್ದಾರೆ. ಅಣ್ಣ ಗಜಕೋಲು ಹಿಡಿದು ಸಾಲು ಸರಿಪಡಿಸುತ್ತಿದ್ದಾನೆ. ಕಟ್ಟೆಯ ಮೇಲಿನ ಹೆಂಗಸರು ಎಂದಿನಂತೆ ಸೀರೆಯನ್ನಷ್ಟೇ ನೋಡುತ್ತಿದ್ದಾರೆ. ಮುತ್ತಣ್ಣ ಒಬ್ಬನೇ ಖಾಲಿ ಭುಜದಲ್ಲಿ ನಡೆಯುತ್ತಿದ್ದಾನೆ, ಅದಕ್ಕೇ ಅವನೊಬ್ಬನೇ ಕಾಣುತ್ತಿದ್ದಾನೆ. ಅಷ್ಟರಲ್ಲಿ ಕಂಡಕ್ಟರ್ ಭುಜ ಅಲುಗಿಸಿ ಎಬ್ಬಿಸಿದ.

ಹನ್ನೊಂದು ಗಂಟೆಗೆ ಅಮೃತವ್ವ ಬಂದಿಳಿದಳು. ಅಪ್ಪನ ತಂಗಿ, ಇಪ್ಪತ್ನಾಲ್ಕಕ್ಕೆ ಗಂಡನನ್ನು ಕಳೆದುಕೊಂಡು ಶಿರಹಟ್ಟಿಯ ಮನೆಯನ್ನು ಒಬ್ಬಳೇ ನಡೆಸಿದವಳು, ತಾಯಿ ಸತ್ತ ಮೇಲೆ ಮುತ್ತಣ್ಣನ ಮೂಗು ಒರೆಸಿ ಶಾಲೆಗೆ ಕಳಿಸಿದವಳು. ಈಗ ಎಪ್ಪತ್ತರ ಹತ್ತಿರ. ಎಂದಿನ ಬೂದಿ ಬಣ್ಣದ ಸೀರೆ. ಕೈಯಲ್ಲಿ ಚೀಲ, ಚೀಲದಲ್ಲಿ ಅಕ್ಕಿ, ಐದು ಉತ್ತತ್ತಿ, ಐದು ಅರಿಷಿಣ ಕೊಂಬು, ಕೊಬ್ಬರಿ ಬಟ್ಟಲು. ಹುಡುಗಿ ಮನಸ್ಸಿಗೆ ಬಂದರೆ ಅಲ್ಲಿಯೇ ಉಡಿ ತುಂಬಿ ಬರಬೇಕಲ್ಲ. ತಾನು ತುಂಬುವ ಹಾಗಿಲ್ಲ, ಮುತ್ತೈದೆಯೇ ತುಂಬಬೇಕು, ಅದಕ್ಕೇ ಕಾಂಚನಾ ಬರಲಿ ಎಂದಳು. ಮುತ್ತಣ್ಣ ಮಾಡಿದ್ದ ತಪ್ಪು ಇದು. ಕನ್ಯೆ ನೋಡಲು ಯಾರೂ ಒಬ್ಬರೇ ಹೋಗುವುದಿಲ್ಲ ಎಂಬುದು ಹುಟ್ಟಿದಂದಿನಿಂದ ಗೊತ್ತಿದ್ದವನು, ಜಗತ್ತಿನ ಎಲ್ಲ ಸುಳ್ಳುಗಳಲ್ಲಿ ಇಡೀ ಮನೆಯೇ ಬೆನ್ನು ಹತ್ತುವ ಒಂದನ್ನು ಆರಿಸಿ ಹೇಳಿದ್ದ. ಅಣ್ಣ ತಾನೂ ಬರುತ್ತೇನೆಂದ. ಅಂಗಡಿ ಒಂದು ದಿನ ಮುಚ್ಚಿದರೂ ಅಡ್ಡಿಯಿಲ್ಲ ಎಂದ. ಆ ಮಾತಿಗೆ ಗಾದಿಯ ಮೇಲಿನ ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ಎಣಿಸಿದಳು: ಹುಚ್ಚೀರಪ್ಪ, ಮುತ್ತಣ್ಣ, ತಾನು, ಮೂರಾಯಿತು. ಶುಭಕ್ಕೆ ಮೂರು ಮಂದಿ ಹೊರಡಬಾರದು. ಕಾಂಚನಾ ಸೇರಿ ನಾಲ್ಕು, ಇನ್ನೊಬ್ಬರನ್ನು ಸೇರಿಸಿ ಐದು ಮಾಡೋಣ. ಅಣ್ಣ ಎಲ್ಲರೆದುರು ಮುತ್ತಣ್ಣನ ತಲೆಯನ್ನು ಬೆಳಕಿಗೆ ತಿರುಗಿಸಿ ನೋಡಿ, ಸಂಜೆ ಕೂದಲಿಗೆ ಕಲಪ್ ಹಚ್ಚಿಸಿಕೊ, ಕಿವಿಯ ಹತ್ತಿರ ಬೆಳ್ಳಗಾಗಿದೆ ಎಂದ. ಹಿರೇವಡ್ಡಟ್ಟಿಯ ಹೆಂಗಸರು ನಕ್ಕರು. ಸೊಂಟಕ್ಕೆ ಸಿಕ್ಕಿಸಿದ ಸೀರೆಯಲ್ಲಿ ನಿಂತು ಯಾರ ಕಣ್ಣಿಗೂ ಬೀಳದಿದ್ದವನು ಈಗ ಎಲ್ಲರ ಕಣ್ಣಿಗೆ ಬಿದ್ದಿದ್ದ. ಅವನ ಕಿವಿ ಕಾದವು. ಅಣ್ಣನ ಕೈ ಮಾತ್ರ ಹಗುರವಾಗಿತ್ತು, ಸಣ್ಣವನಿದ್ದಾಗ ಜಾತ್ರೆಯ ಗದ್ದಲದಲ್ಲಿ ತಲೆಯ ಮೇಲೆ ಇಡುತ್ತಿದ್ದ ಕೈಯೇ. ಅದೇ ಅವನಿಗೆ ಹೆಚ್ಚು ಸಂಕಟವಾಯಿತು.

ಮಧ್ಯಾಹ್ನ ಎರಡಕ್ಕೆ ಅಣ್ಣನೂ ಆಳುಗಳೂ ಊಟಕ್ಕೆ ಹೋದರು. ಅರ್ಧ ಶಟರ್ ಇಳಿಸಿದ ಅಂಗಡಿಯಲ್ಲಿ ಬೆಳಕು ನೆಲಕ್ಕೆ ಇಳಿದು ಕುಳಿತಿತ್ತು. ಅತ್ತೆ ಮನೆಗೆ ಹೋಗಲಿಲ್ಲ; ಹುಡುಗಿಗೆ ಒಯ್ಯುವ ಸೀರೆ ಆರಿಸಬೇಕೆಂದು ಗಾದಿಯ ಮೇಲೆ ಕಾಲು ಚಾಚಿ ಕುಳಿತಳು. ಹುಡುಗಿ ಯಾವ ಬಣ್ಣ ಎಂದು ಕೇಳಿದಳು. ಕೆಂಪಗೋ, ಎಣ್ಣೆಗಪ್ಪೋ. ಎತ್ತರ ಎಷ್ಟು. ಮುತ್ತಣ್ಣ ಎಣ್ಣೆಗಪ್ಪು ಎಂದ, ತನ್ನ ಭುಜದಷ್ಟು ಎತ್ತರ ಎಂದ. ಕೇಳಿದ ಹಾಗೆಲ್ಲ ಹುಡುಗಿ ಬೆಳೆಯುತ್ತಿದ್ದಳು. ಅವಳಿಗೆ ಈಗ ಗಲ್ಲದ ಮೇಲೆ ಒಂದು ಮಚ್ಚೆಯೂ ಇತ್ತು. ಆ ಮಚ್ಚೆ ವೀರುವಿನದು ಎಂದು ಹೇಳಿದ ಮೇಲೆ ಹೊಳೆಯಿತು. ಅವನ ಕೈ ತಾನಾಗಿ ಕಪಾಟಿನಿಂದ ಗಿಳಿಹಸಿರು ಇಳಕಲ್ ಸೀರೆಯೊಂದನ್ನು ಎಳೆದಿತ್ತು. ಅತ್ತೆ ಆ ಸೀರೆಯ ಮೇಲೆ ಒಮ್ಮೆ ಕೈಯಾಡಿಸಿ ಹಿಂದಕ್ಕೆ ತೆಗೆದುಕೊಂಡಳು. ಉಟ್ಟು ತೋರಿಸು ಎನ್ನಲಿಲ್ಲ. ಮುತ್ತಣ್ಣ ಎಂದಿನ ರೂಢಿಯಂತೆ ಉಟ್ಟ, ಸೆರಗು ಇಳಿಬಿಟ್ಟ, ಅರೆ ತಿರುಗಿ ನಿಂತ. ಕನ್ನಡಿಯಲ್ಲಿ ಅತ್ತೆ ಸೀರೆಯನ್ನು ನೋಡುತ್ತಿರಲಿಲ್ಲ. ಅವಳು ಅವನ ಮುಖವನ್ನು ನೋಡುತ್ತಿದ್ದಳು. ಹನ್ನೆರಡು ವರ್ಷದಲ್ಲಿ ಆ ಕನ್ನಡಿಯೊಳಗೆ ಅವನ ಮುಖವನ್ನು ನೋಡಿದವರು ಯಾರೂ ಇರಲಿಲ್ಲ. ಅವನು ಸೀರೆಯಲ್ಲಿಯೇ ಕೆಳಗೆ ಕುಳಿತುಬಿಟ್ಟ.

"ಅತ್ತಿ, ಕನ್ಯಾ ಇಲ್ಲ" ಎಂದ. "ಯಾವತ್ತೂ ಇರಂಗಿಲ್ಲ. ನನ್ನ ಮನಸ್ಸು ಹೆಣ್ಣುಮಕ್ಕಳ ಕಡೆ ಹೋಗಂಗಿಲ್ಲ. ಗಂಡಸರ ಕಡೆ ಹೊಕ್ಕೈತಿ."

ಹೊರಗೆ ಟಂಟಂ ಆಟೋ ಒಂದು ಓಣಿಯಲ್ಲಿ ಸಿಕ್ಕಿಕೊಂಡು ಹಿಂದೆ ಮುಂದೆ ಆಡುತ್ತಿತ್ತು. ಆಮೇಲೆ ಅತ್ತೆ ಅವನು ಉಟ್ಟ ಸೀರೆಯನ್ನು ದಿಟ್ಟಿಸಿ, ಹಂಗಾರ ಜೋಗಪ್ಪ ಆಗುತ್ತೀಯೇನೋ ಎಂದು ಮೆಲ್ಲಗೆ ಕೇಳಿದಳು. ಅವಳಿಗೆ ಗೊತ್ತಿದ್ದ ಹೆಸರು ಅದೊಂದೇ. ದೇವಿ ಮೈಮೇಲೆ ಬಂದು ಸೀರೆ ಉಟ್ಟ ಗಂಡಸರನ್ನು ಅವಳು ಕಂಡಿದ್ದಳು, ಅಕ್ಕಿ ನೀಡಿ ಕಾಲಿಗೂ ಬಿದ್ದಿದ್ದಳು. ಅಲ್ಲ ಅತ್ತೆ, ಇದು ಬರೀ ವ್ಯಾಪಾರದ್ದು, ಎಂದು ಮುತ್ತಣ್ಣ ಸೆರಗನ್ನು ಭುಜದಿಂದ ಇಳಿಸಿದ. ನಾನು ಗಂಡಸೇ, ಗಂಡಸಾಗಿಯೇ ಇರುತ್ತೇನೆ. ದೇವಿಯೂ ಬಂದಿಲ್ಲ, ಯಾರ ಶಾಪವೂ ಅಲ್ಲ ಎಂದ. ಅವಳಿಗೆ ತಿಳಿಯಿತೋ ಇಲ್ಲವೋ ಅವಳ ಮುಖ ನೋಡಿದರೆ ಗೊತ್ತಾಗುತ್ತಿರಲಿಲ್ಲ. ಬೆಂಗಳೂರಿಗೆ ಯಾಕೆ ಮತ್ತೆ ಎಂದಳು. ಅವನು ಮೆರವಣಿಗೆಯ ವಿಷಯ, ಜೊತೆಗೆ ಬರುವ ತೌಹೀದನ ವಿಷಯ ಹೇಳಿದ. ಹಗಲಿನಲ್ಲಿ ನಡೆಯುತ್ತಾರೆ, ತನಗೂ ಒಂದು ದಿನ ಹಾಗೆ ನಡೆಯಬೇಕೆಂದು ಆಸೆಯಾಗಿದೆ ಎಂದ. ತಾಯಂದಿರು ಬರುತ್ತಾರೆ ಎಂಬುದನ್ನೂ ಹೇಳಿದ, ಅದನ್ನೇಕೆ ಹೇಳಿದೆನೆಂದು ನಾಚಿಕೊಂಡ. ಕೊನೆಗೆ ಫೋನಿನ ಫೋಟೋ ತೆರೆದು ಮೂರನೆಯ ಸಾಲನ್ನು ಬೆರಳಲ್ಲಿ ದೊಡ್ಡದು ಮಾಡಿ ಅವಳ ಕಣ್ಣಿನ ಹತ್ತಿರ ಹಿಡಿದ. ಇವನು ಬೇಕೇನು ಎಂದು ಅಣ್ಣ ಕೇಳಿದಾಗ ನಾನು ಬೇಡ ಎಂದೆ, ನಕ್ಕೆ; ಅದನ್ನು ಇವನ ಎದುರು ನಿಂತು ತಪ್ಪಾಯಿತು ಅನ್ನಬೇಕು, ಅದಕ್ಕೇ ಹೋಗುತ್ತಿದ್ದೇನೆ ಎಂದ.

ಅತ್ತೆ ಫೋನನ್ನು ಕೈಗೆ ತೆಗೆದುಕೊಂಡು, ಸೀರೆಯ ಅಂಚು ಪರೀಕ್ಷಿಸುವಂತೆ ಬೆಳಕಿಗೆ ಹಿಡಿದಳು. "ವೀರೂ" ಎಂದಳು. ಆ ಹೆಸರು ಅಂಗಡಿಯಲ್ಲಿ ಬಿದ್ದದ್ದನ್ನು ಕೇಳಿ ಮುತ್ತಣ್ಣ ಅವಳ ಕಡೆ ತಿರುಗಿದ.

"ಖಬರ ಹೇಳಿದಾಕಿ ನಾನ ಅದೀನಿ" ಎಂದಳು ಅತ್ತೆ. "ಅವತ್ತ ನಿಮ್ಮಣ್ಣಗ ದೂರು ಹೇಳಿದಾಕಿ."

ಆಮೇಲೆ ಅವಳು ಹೇಳುತ್ತಾ ಹೋದಳು, ಅವನಿಗಲ್ಲ, ಎದುರಿನ ಕನ್ನಡಿಗೆ. ಆ ದಸರೆಗೆ ಯಾರದೋ ಮಗಳಿಗೆ ಸೀರೆ ತೆಗೆಯಲು ಬಂದಿದ್ದಳು. ಇಂಥದೇ ಮಧ್ಯಾಹ್ನ, ಮಂದಿ ಇರಲಿಲ್ಲ. ವೀರು ಹತ್ತು ಸೀರೆ ಬಿಚ್ಚಿ ಹಾಕಿದ. ಅವುಗಳಲ್ಲಿ ಒಂದು ಹಸಿರು ಸೀರೆಯ ಮೇಲೆ ಅವಳ ಕೈ ಎಷ್ಟು ಹೊತ್ತು ಇತ್ತೋ ಅವಳಿಗೆ ತಿಳಿಯಲಿಲ್ಲ, ಅವನಿಗೆ ತಿಳಿಯಿತು. ಒಮ್ಮೆ ನೋಡಿಕೊಳ್ಳಿರಿ ಅವ್ವಾರೇ, ಯಾರೂ ಇಲ್ಲ, ಎಂದು ಆ ಸೆರಗನ್ನು ಅವಳ ಭುಜದ ಮೇಲೆ ಹಾಕಿದ. ಹಸಿರು ಮುತ್ತೈದೆಯರ ಬಣ್ಣ. ಇಪ್ಪತ್ನಾಲ್ಕರ ನಂತರ ಅವಳ ಮೈಮೇಲೆ ಬಿದ್ದಿರಲಿಲ್ಲ. ಅವಳು ಕನ್ನಡಿ ನೋಡಿದಳು. "ಚೆಂದ ಕಂಡೆ ನಾ, ಮುತ್ತಣ್ಣ. ಖರೇನ ಹೇಳ್ತೀನಿ, ಚೆಂದ ಕಂಡೆ" ಎಂದಳು ಅತ್ತೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಯಾರದೋ ಹೆಜ್ಜೆ ಸದ್ದು. ಓಣಿಯ ಹೆಂಗಸೊಬ್ಬಳು ಒಳಗೆ ಬರುತ್ತಿದ್ದಳು. ಅಮೃತವ್ವ ಸೆರಗನ್ನು ಕಿತ್ತೆಸೆದು, ಗಂಡ ಸತ್ತವಳ ಮೈಗೆ ಕೈ ಹಚ್ಚುತ್ತೀಯೇನು ಎಂದು ವೀರುವನ್ನು ಬಂದವಳಿಗೆ ಕೇಳಿಸುವಂತೆ ಬೈದಳು. ಬೈಯುವಾಗ ಅವಳು ಎಸೆದ ಸೀರೆಯನ್ನು ಅವನು ಎತ್ತಿ ಮಡಚುತ್ತಿದ್ದನಂತೆ. ಸಂಜೆ ಹುಚ್ಚೀರಪ್ಪನಿಗೆ ಅದನ್ನೇ ಇನ್ನಷ್ಟು ಸೇರಿಸಿ ಹೇಳಿ, ತನ್ನ ಹೆಸರು ಎಲ್ಲೂ ಬರಬಾರದೆಂದಳು. ಅವನನ್ನು ಕೆಲಸ ಬಿಡಿಸಿದರೆಂದು ಆಮೇಲೆ ಗೊತ್ತಾಯಿತು, ಪಾಪ ಎನ್ನಿಸಿತು. ಆದರೆ ಏನೆಂದು ಬಾಯಿ ತೆರೆಯುವುದು. ಚೆಂದ ಕಂಡೆ ಎಂದು ಹೇಳಬೇಕಾಗುತ್ತಿತ್ತಲ್ಲ.

ಮುತ್ತಣ್ಣನಿಗೆ ಸಿಟ್ಟು ಬರಬೇಕಾಗಿತ್ತು. ಸ್ವಲ್ಪ ಬಂದೂ ಬಂತು. ಹನ್ನೆರಡು ವರ್ಷ ಮುಖವಿಲ್ಲದೆ ಇದ್ದ ಆ ಯಾರೋ ಹೆಣ್ಣುಮಗಳನ್ನು ಅವನು ಎಷ್ಟು ಸಲ ಶಪಿಸಿದ್ದನೋ ಲೆಕ್ಕವಿಲ್ಲ. ಈಗ ನೋಡಿದರೆ ಅವಳು ತನ್ನ ಮೂಗು ಒರೆಸಿದವಳು. ಸಿಟ್ಟು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅಂಗಡಿಯಲ್ಲಿ ಒಂದು ಸುತ್ತು ಸುಳಿದು ಹೋಯಿತು. ಬಿಸಿಲಿನ ಚೌಕ ಗಾದಿಯ ಮೇಲೆ ಸರಿದು ಅತ್ತೆಯ ಪಾದಕ್ಕೆ ಬಂದಿತ್ತು, ಅವಳ ಬಿರುಕುಬಿಟ್ಟ ಹಿಮ್ಮಡಿ ಬೆಳಗುತ್ತಿತ್ತು. ಅವನು ಎದ್ದು ತನ್ನ ಮೈಮೇಲಿನ ಹಸಿರು ಸೀರೆಯನ್ನು ಬಿಚ್ಚಿದ. ಅತ್ತೆ ಏನೂ ಹೇಳದೆ ಅದರ ಇನ್ನೊಂದು ತುದಿ ಹಿಡಿದಳು. ಮಡಚಲಿಕ್ಕೆಂದು ಅವನು ಎರಡು ಹೆಜ್ಜೆ ಮುಂದೆ ಬಂದ, ಅವಳೂ ಬಂದಳು. ಎದುರುಬದುರಾದಾಗ ತುದಿಯನ್ನು ಅವಳು ಅವನ ಕೈಗೆ ಕೊಡಲಿಲ್ಲ.

ಅತ್ತೆ ಎಣಿಸುತ್ತಿದ್ದಳು. ಹುಚ್ಚೀರಪ್ಪ ಬೇಡ, ಕಾಂಚನಾ ಬೇಡ. ನೀನು, ನಾನು, ಆ ಲಕ್ಷ್ಮೇಶ್ವರದ ಟೇಲರ್. ಮತ್ತೆ ಮೂರೇ ಆಯಿತಲ್ಲೋ ಎಂದು ನಿಜವಾಗಿಯೂ ಚಿಂತೆಗೆ ಬಿದ್ದಳು. ಮುತ್ತಣ್ಣನಿಗೆ ಅಳುವಿನ ಜೊತೆಗೇ ನಗುವೂ ಬಂತು. ಅತ್ತೆ, ನೀನು ಬರಬೇಕಿಲ್ಲ, ಅಲ್ಲಿ ಬಿಸಿಲು, ನಡೆಯುವುದು ಬಹಳ ಎಂದ. ಅವಳು ಕೇಳಿಸಿಕೊಳ್ಳಲಿಲ್ಲ.

"ವೀರೂನ ಹಿಡದ್ರ ನಾಕ ಆಕ್ಕೈತಿ" ಎಂದಳು. "ಆತು, ನಡೀತೈತಿ."

ಅಷ್ಟು ಹೇಳಿ ಅವಳು ಕನ್ನಡಿಯ ಎದುರು ಹೋಗಿ ನಿಂತಳು. ಬೂದಿ ಬಣ್ಣದ ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡು, ಭುಜ ಖಾಲಿ ಮಾಡಿಕೊಂಡು, ಹಾಕು ಎಂಬಂತೆ ಸುಮ್ಮನೆ ನಿಂತಳು. ಮುತ್ತಣ್ಣ ಸಾವಿರಾರು ಸೀರೆ ಉಟ್ಟು ತೋರಿಸಿದವನು, ಒಂದನ್ನೂ ಇನ್ನೊಬ್ಬರ ಭುಜಕ್ಕೆ ಹಾಕಿದವನಲ್ಲ. ಹೆಬ್ಬೆರಳನ್ನು ಅಂಚಿನ ಕೆಳಗೆ ಸೇರಿಸಿ, ಮೂರು ಮಡಿಕೆ ಹಿಡಿದು, ಹಸಿರು ಸೆರಗನ್ನು ಅವಳ ಎಡಭುಜದ ಮೇಲೆ ಇಟ್ಟ. ಅದು ಬೆನ್ನ ಮೇಲೆ ಮೆಲ್ಲಗೆ ಇಳಿಯಿತು. ಕನ್ನಡಿಯಲ್ಲಿ ಎಪ್ಪತ್ತರ ಹತ್ತಿರದ ಮುದುಕಿ ತನ್ನನ್ನು ತಾನು ನೋಡಿಕೊಳ್ಳುತ್ತಿದ್ದಳು, ಪರಿಚಯದವರು ಯಾರೋ ಬಹಳ ದಿನದ ಮೇಲೆ ಮನೆಗೆ ಬಂದ ಹಾಗೆ. ಇಬ್ಬರೂ ಎಷ್ಟು ಹೊತ್ತು ಹಾಗೆ ನಿಂತಿದ್ದರೋ. ಶಟರ್ ಸದ್ದಾಯಿತು. ಅಣ್ಣನ ಚಪ್ಪಲಿ ಮೆಟ್ಟಿಲ ಮೇಲೆ ಹತ್ತಿ ಬಂತು. ಮುತ್ತಣ್ಣನ ಕೈ ತಾನಾಗಿ ಸೆರಗನ್ನು ಎಳೆಯಲು ಮುಂದಾಯಿತು. ಅತ್ತೆ ಭುಜದ ಮೇಲೆ ಅದನ್ನು ಒತ್ತಿ ಹಿಡಿದಳು.

ಹುಚ್ಚೀರಪ್ಪ ಬಾಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಒಳಗೆ ಬಂದವನು ನಡುವೆಯೇ ನಿಂತ. ಅತ್ತೆಯ ಮೈಮೇಲಿನ ಹಸಿರನ್ನು ನೋಡಿದ, ತಮ್ಮನನ್ನು ನೋಡಿದ. ಹುಡುಗಿಗೆ ತೆಗೆದ ಸೀರೆಯೇನು ಎಂದು, ತನಗೆ ಬೇಕಾದ ಉತ್ತರವನ್ನು ತಾನೇ ಒದಗಿಸಿಕೊಡುವವನಂತೆ ಕೇಳಿದ. ಹೌದು ಎಂದರೆ ಎಲ್ಲವೂ ಮೊದಲಿನಂತೆ ಮುಚ್ಚಿಹೋಗುತ್ತಿತ್ತು. ಅತ್ತೆ ಕನ್ನಡಿಯೊಳಗಿನಿಂದಲೇ ಮುತ್ತಣ್ಣನ ಮುಖ ನೋಡಿದಳು. ಕನ್ಯೆ ಇಲ್ಲ ಅಣ್ಣ, ನಾನು ಸುಳ್ಳು ಹೇಳಿದೆ, ಎಂದ ಮುತ್ತಣ್ಣ; ವೀರುವನ್ನು ನೋಡಲು ಹೋಗುತ್ತಿದ್ದೇವೆ, ಹೊಂಬಳದ ವೀರುವನ್ನು. ಅಣ್ಣನ ದವಡೆ ಅಗಿಯುವುದನ್ನು ನಿಲ್ಲಿಸಿತು. ಹನ್ನೆರಡು ವರ್ಷದ ಕೆಳಗಿನ ಆ ಸಂಜೆ ಅವನಿಗೂ ನೆನಪಿರಬೇಕು. ಅವನ ಕಣ್ಣು ಒಮ್ಮೆ ಗಲ್ಲೆಯ ಪಕ್ಕದ ಜಾಗಕ್ಕೆ ಹೋಗಿ ಬಂತು, ವೀರು ಅವತ್ತು ನಿಂತಿದ್ದ ಜಾಗಕ್ಕೆ.

"ಅಂವ ಯಾಕ ಬೇಕು ಈಗ?" ಎಂದ ಅಣ್ಣ. ದನಿಯಲ್ಲಿ ಸಿಟ್ಟಿರಲಿಲ್ಲ, ಅಂಜಿಕೆ ಇತ್ತು.

"ಈಗಲ್ಲಣ್ಣ" ಎಂದ ಮುತ್ತಣ್ಣ. "ಅವತ್ತ ಕೇಳಿದ್ದಿಯಲ್ಲ ನೀ, ಬೇಕೇನು ಅಂತ. ಬೇಕಾಗಿದ್ದ."